ಸಿಮ್ ಕಳೆದು ಹೊಸದು ತಗೊಂಡ ಮೇಲೆ ಪೋರ್ಟ್ ರಿಕ್ವೆಸ್ಟ್ ರಿಜೆಕ್ಟ್ ಆಗ್ತಿದ್ರೆ

ನಂಬರ್ ಉಳಿಸ್ಕೊಂಡು ಬೇರೆ ಕಂಪನಿಗೆ ಹೋಗೋಕೆ (ಪೋರ್ಟ್) ರಿಕ್ವೆಸ್ಟ್ ಕಳಿಸಿದ್ರೆ ರಿಜೆಕ್ಟ್ ಆಗ್ತಿದೆ ಅಂತ ಕೇಳಿದೀರಿ. ಈಗಿನ ಕಂಪನಿ ಬೇಕಂತ ಬ್ಲಾಕ್ ಮಾಡಿದೆ ಅಂತ ಅಂಗಡಿಯವ್ರು ಹೇಳಿದ್ದು ಬಹುಶಃ ತಪ್ಪು. ನೀವೇ ಬರೆದಿದೀರಲ್ಲ, ಸಿಮ್ ಕಳೆದು ಮೂರು ದಿನದ ಹಿಂದೆ ಡೂಪ್ಲಿಕೇಟ್ ತಗೊಂಡೆ ಅಂತ, ಕಾರಣ ಅದೇ ಇರ್ಬೇಕು. 2024ರ ಜುಲೈ 1ರಿಂದ ಟ್ರಾಯ್ (ಟೆಲಿಕಾಂ ನಿಯಂತ್ರಣ ಸಂಸ್ಥೆ) ರೂಲ್ ಇದೆ, ಕಳೆದ ಅಥವಾ ಹಾಳಾದ ಸಿಮ್ ಬದಲು ಹೊಸದು ತಗೊಂಡ್ರೆ 7 ದಿನ ಯುಪಿಸಿ ಕೋಡ್, ಅಂದ್ರೆ ಪೋರ್ಟ್ ಮಾಡೋಕೆ ಬೇಕಾದ ಕೋಡ್, ಕೊಡಂಗಿಲ್ಲ. ಬೇರೆ ಯಾರೋ ನಿಮ್ಮ ಹೆಸರಲ್ಲಿ ಸಿಮ್ ತೆಗೆದು ನಂಬರ್ ಹಾರಿಸ್ಕೊಂಡು ಹೋಗ್ಬಾರ್ದು ಅಂತ ಇದು. ನಮ್ಮತ್ತೆ ನಂಬರ್‌ಗೂ ಹಿಂಗೇ ಆಗಿತ್ತು, ದಿನಾ ಮೆಸೇಜ್ ಕಳಿಸಿ ಕಳಿಸಿ ಸುಸ್ತಾಗಿದ್ರು ಪಾಪ.

ಮೊದ್ಲು ನಿಮ್ಮ ಪೋರ್ಟ್ ರಿಕ್ವೆಸ್ಟ್‌ಗೆ ಉತ್ತರವಾಗಿ ಬಂದ ಮೆಸೇಜ್ ಪೂರ್ತಿ ಓದಿ, ರಿಜೆಕ್ಟ್ ಯಾಕೆ ಅಂತ ಅದ್ರಲ್ಲೇ ಇರತ್ತೆ. ಪೋಸ್ಟ್‌ಪೇಯ್ಡ್ ಆದ್ರೆ ಡ್ಯೂ ಡೇಟ್ ದಾಟಿದ ಬಿಲ್ ಉಳಿದಿದ್ರೂ ಕೋಡ್ ಬರಲ್ಲ, ಈ ಕಂಪನಿಗೆ ಬಂದು 90 ದಿನ ಆಗಿಲ್ಲ ಅಂದ್ರೂ ಅಷ್ಟೇ, ಹಂಗಾಗಿ ಎರಡನ್ನೂ ನೋಡ್ಕೊಳ್ಳಿ. ಎಲ್ಲಾ ಸರಿ ಇದ್ರೆ ಹೊಸ ಸಿಮ್ ತಗೊಂಡ 7 ದಿನ ಕಳೆದ್ಮೇಲೆ 8ನೇ ದಿನ ಪೋರ್ಟ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳ್ಸಿ. ಕೋಡ್ ಕರ್ನಾಟಕದಲ್ಲಿ 4 ದಿನ ಮಾತ್ರ ನಡೆಯೋದು, ಅಷ್ಟರೊಳಗೆ ಆಧಾರ್ ತಗೊಂಡು ಹೊಸ ಕಂಪನಿ ಸ್ಟೋರಿಗೆ ಹೋಗಿ. ಒಂದೇ ಸರ್ಕಲ್ (ಟೆಲಿಕಾಂ ವಲಯ, ನಿಮಗೆ ಕರ್ನಾಟಕ) ಒಳಗೇ ಆದ್ರೆ ಪೋರ್ಟ್ ಆಗೋಕೆ 3 ವರ್ಕಿಂಗ್ ಡೇಸ್.

ಆಗ್ಲೂ ರಿಜೆಕ್ಟ್ ಆದ್ರೆ ಕಸ್ಟಮರ್ ಕೇರಲ್ಲಿ ಕಂಪ್ಲೇಂಟ್ ಕೊಟ್ಟು ಡಾಕೆಟ್ ನಂಬರ್ (ಕಂಪ್ಲೇಂಟ್ ನಂಬರ್) ಕೇಳಿ ಇಸ್ಕೊಳ್ಳಿ, ಅದಕ್ಕೂ ಜಗ್ಗಿಲ್ಲ ಅಂದ್ರೆ ಆ ನಂಬರ್ ಹಿಡ್ಕೊಂಡು ಅದೇ ಕಂಪನಿಯ ಅಪೀಲ್ ಅಥಾರಿಟಿಗೆ (ಮೇಲ್ಮನವಿ ನೋಡೋರಿಗೆ) ಅಪೀಲ್ ಹಾಕಿ. ಟ್ರಾಯ್‌ಗೆ ನೇರ ಬರೆದ್ರೆ ಉಪಯೋಗ ಇಲ್ಲ, ಒಬ್ಬೊಬ್ಬರ ಕಂಪ್ಲೇಂಟ್ ಅವ್ರು ವಿಚಾರಣೆ ಮಾಡಲ್ಲ.