ಓದಿನಲ್ಲಿ ಮುಂದಿರುವ ಮಗಳು ತನ್ನ ಮುಖ ನೋಡಿಕೊಳ್ಳಲು ಹೆದರಿದರೆ ಏನು ಮಾಡಬೇಕು?

ಮಗಳಿಗೆ 12 ವರ್ಷ, ಅಪಘಾತದಿಂದ ಕೆನ್ನೆಯ ಮೇಲೆ ಗುರುತು ಉಳಿದಿದೆ, ಫೋಟೋ ಬೇಡ ಅಂತಾಳೆ, ರಾತ್ರಿ ಬೆಚ್ಚಿ ಏಳುತ್ತಾಳೆ, ಆದರೆ ಮಾರ್ಕ್ಸ್ ಮಾತ್ರ ಮೊದಲಿಗಿಂತ ಜಾಸ್ತಿಯಾಗಿದೆ ಅಂತ ಬರೆದಿದ್ದೀರಿ. ನಾನು ಮಕ್ಕಳ ಆಪ್ತಸಮಾಲೋಚಕಿ. ನನಗೆ ಹೆಚ್ಚು ಚಿಂತೆಯಾಗಿದ್ದು ಆ ಮಾರ್ಕ್ಸ್ ಬಗ್ಗೆಯೇ. ಮುಖದ ಮಾತು ಬರದಿರಲಿ ಅಂತ ಕೆಲವು ಮಕ್ಕಳು ಓದಿನಲ್ಲಿ ಮುಳುಗಿಬಿಡುತ್ತಾರೆ. ಚೆನ್ನಾಗಿ ಓದ್ತಿದ್ದಾಳಲ್ಲ, ಸರಿಹೋಗಿದ್ದಾಳೆ ಅಂತ ಮನೆಯವರೂ ನಿರಾಳರಾಗುತ್ತಾರೆ.

‘ಏನೂ ಕಾಣಲ್ಲ, ಚೆನ್ನಾಗೇ ಇದ್ದೀಯ’ ಅಂತ ದಯವಿಟ್ಟು ಹೇಳಬೇಡಿ. ಜನ ಕೆನ್ನೆ ನೋಡಿ ಕಣ್ಣು ತಿರುಗಿಸುವುದನ್ನು ಅವಳು ದಿನಾ ನೋಡ್ತಾಳೆ. ನೀವು ಸುಮ್ನೆ ಹೇಳ್ತಿದ್ದೀರಿ ಅಂತ ಗೊತ್ತಾಗುತ್ತದೆ, ಆಮೇಲೆ ನಿಮ್ಮ ಹತ್ತಿರ ಮಾತೇ ಆಡಲ್ಲ.

ಇಂಥ ಮಕ್ಕಳಿಗೆ ಸಮಾಧಾನಕ್ಕಿಂತ ವಿವರಣೆ ಹಿಡಿಸುತ್ತದೆ. ಗಾಯದ ಗುರುತು ಮಾಗಲು ಒಂದೆರಡು ವರ್ಷ ಬೇಕಾಗಬಹುದು, ಸಾಮಾನ್ಯವಾಗಿ ಕೆಂಪು ಇಳಿಯುತ್ತದೆ, ಪೂರ್ತಿ ಹೋಗದೆಯೂ ಇರಬಹುದು. ಇದನ್ನು ಇದ್ದ ಹಾಗೇ ಹೇಳಿ. ಭಯದ ವಿಷಯವೂ ಅಷ್ಟೇ. ಮೆದುಳಿನ ಅಮಿಗ್ಡಲಾ ಎಂಬ ಭಾಗ ಅಪಾಯದ ಸುಳಿವು ಸಿಕ್ಕರೆ ಸಾಕು, ನಾವು ಯೋಚಿಸುವ ಮೊದಲೇ ಮೈಯನ್ನು ಎಚ್ಚರಿಸುತ್ತದೆ. ಒಂದು ಹಾರ್ನ್ ಸದ್ದಿಗೂ ಎದೆ ಹೊಡೆದುಕೊಳ್ಳುವುದು ಅದಕ್ಕೇ. ‘ಎಲ್ಲಾ ಗೊತ್ತಿದ್ದೂ ಯಾಕೆ ಹೆದರ್ತೀನಿ’ ಅಂತ ಬುದ್ಧಿವಂತ ಮಕ್ಕಳು ಒಳಗೊಳಗೇ ನಾಚುತ್ತಾರೆ. ಆ ನಾಚಿಕೆ ಭಯಕ್ಕಿಂತ ಹೆಚ್ಚು ನೋಯಿಸುವುದನ್ನು ನಾನು ನೋಡಿದ್ದೇನೆ.

ಯಾರಾದರೂ ಕೇಳಿದರೆ ಏನು ಹೇಳೋದು ಅಂತ ಇಬ್ಬರೂ ಕೂತು ಅಭ್ಯಾಸ ಮಾಡಿ. ‘ಆಕ್ಸಿಡೆಂಟ್ ಆಗಿತ್ತು, ಈಗ ನೋವಿಲ್ಲ. ನಿನ್ನ ಪ್ರಾಜೆಕ್ಟ್ ಮುಗೀತಾ?’ ಇಷ್ಟು ಸಾಕು. ಉತ್ತರ ಬಾಯಲ್ಲಿ ಸಿದ್ಧವಿದ್ದರೆ ಕ್ಲಾಸಿಗೆ ಕಾಲಿಡುವ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ. ಮನೆಯ ಕನ್ನಡಿಗಳನ್ನು ತೆಗೆಯಬೇಡಿ, ಅವಳನ್ನು ಬಲವಂತವಾಗಿ ಕನ್ನಡಿ ಮುಂದೆ ನಿಲ್ಲಿಸಲೂಬೇಡಿ. ಅವಳ ಮುಂದೆ ನಿಮ್ಮ ಬಣ್ಣ, ತೂಕವನ್ನು ಹಳಿದುಕೊಳ್ಳಬೇಡಿ.

ಕೆಟ್ಟ ಕನಸು, ಬೆಚ್ಚಿಬೀಳುವುದು ಒಂದು ತಿಂಗಳು ದಾಟಿದ್ದರೆ ಮಕ್ಕಳ ಮನೋವೈದ್ಯರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ನೋಡಿ. ಆಘಾತಕ್ಕೊಳಗಾದ ಮಕ್ಕಳಿಗೆಂದೇ ಮಾತಿನ ಚಿಕಿತ್ಸೆ ಇದೆ, ಅದರಲ್ಲಿ ಅಪ್ಪ ಅಮ್ಮನೂ ಪಾಲ್ಗೊಳ್ಳುತ್ತಾರೆ. ಊಟ ಬಿಡುವುದು, ಮೈಗೆ ಗಾಯ ಮಾಡಿಕೊಳ್ಳುವುದು, ಸಾಯುವ ಮಾತು ಕಂಡರೆ ಅಂದೇ ಹೋಗಿ, ಕಾಯಬೇಡಿ.

ಶಾಲೆಯ ಗ್ರೂಪ್ ಫೋಟೋಗೆ ಕಳಿಸಲಾ ಅಂತ ಕೇಳಿದ್ದೀರಿ. ಅವಳನ್ನೇ ಕೇಳಿ. ಎಲ್ಲಿ ನಿಲ್ಲಬೇಕು, ಯಾವ ಕಡೆ ತಿರುಗಬೇಕು ಅನ್ನೋದು ಅವಳ ಆಯ್ಕೆ. ಈ ಸಲ ಬೇಡ ಅಂದರೆ ಬಿಟ್ಟುಬಿಡಿ, ಟೀಚರಿಗೆ ನೀವೇ ಮೊದಲು ತಿಳಿಸಿಬಿಡಿ.