‘ನೀವು’ ಎಂಬುದು ‘ನೀನು’ ಆದ ಸಾಲು

ಪ್ರಿಯ ಲೇಖಕಿಯವರೇ,

ಹಿಂದೆ ನಿಮಗೆ ಚಿಕಿತ್ಸೆ ನೀಡಿದ ಆಪ್ತಸಮಾಲೋಚಕಿಗೆ ಪತ್ರದ ರೂಪದಲ್ಲಿ ಬರೆದ ನಿಮ್ಮ ಆರು ಪುಟಗಳ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವಂತೆಯೇ ಅದನ್ನು ಪ್ರಕಟಿಸಲಾರೆ, ಆದರೆ ಕೈಬಿಡಲೂ ಮನಸ್ಸಾಗುತ್ತಿಲ್ಲ.

ನಿಮ್ಮ ಖಿನ್ನತೆ ಯಾವಾಗ ಶುರುವಾಯಿತು, ಚಿಕಿತ್ಸೆ ಎಷ್ಟು ತಿಂಗಳು ನಡೆಯಿತು ಎಂಬುದನ್ನೆಲ್ಲ ಮೊದಲ ಮೂರು ಪುಟಗಳಲ್ಲಿ ಅವರಿಗೇ ವಿವರಿಸಿದ್ದೀರಿ. ವಾರವಾರವೂ ಎದುರು ಕುಳಿತು ಕೇಳಿದವರಿಗೆ ಅದನ್ನು ಮತ್ತೆ ಹೇಳುವ ಅಗತ್ಯವಿಲ್ಲ. ಓದುಗರಿಗಾಗಿ ಹೇಳುತ್ತಿದ್ದೀರಿ ಎಂದು ತಿಳಿದ ಕೂಡಲೇ ಪತ್ರದ ಜೀವ ಹೋಗುತ್ತದೆ. ಬದಲಿಗೆ, ಮಾತು ಹೊರಡದಾಗಲೆಲ್ಲ ಆ ಕೋಣೆಯ ಬೆತ್ತದ ಕುರ್ಚಿಯಿಂದ ಬಿಟ್ಟುಕೊಂಡಿದ್ದ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಿರಿ, ಕೊನೆಯ ಭೇಟಿಯ ದಿನ ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು ಎಂದು ಐದನೆಯ ಪುಟದಲ್ಲಿ ಬರೆದಿದ್ದೀರಲ್ಲ, ಪತ್ರ ಅಲ್ಲಿಂದಲೇ ಆರಂಭವಾಗಲಿ.

ನಾಲ್ಕನೆಯ ಪುಟದಲ್ಲಿ, “ಊರು ಬಿಡುವ ಸುದ್ದಿಯನ್ನು ಎರಡೇ ವಾರ ಮೊದಲು ಹೇಳಿದೆಯಲ್ಲ” ಎಂಬ ಸಾಲಿದೆ. ಉಳಿದೆಡೆಯೆಲ್ಲ ‘ನೀವು’ ಎಂದಿರುವಾಗ ಇಲ್ಲಿ ಮಾತ್ರ ಏಕವಚನ ಬಂದದ್ದನ್ನು ತಿದ್ದಲು ಹೋಗಿ, ಪೆನ್ಸಿಲ್ ಕೆಳಗಿಟ್ಟೆ. ಇಡೀ ಬರಹದಲ್ಲಿ ನಿಮ್ಮ ಸಿಟ್ಟು ಬಾಯಿಬಿಟ್ಟಿರುವುದು ಅಲ್ಲೊಂದೇ ಕಡೆ. ಮರುಸಾಲಿನಲ್ಲೇ “ನಿಮ್ಮ ಉಪಕಾರ ಮರೆಯಲಾರೆ” ಎಂದು ಅದರ ಮೇಲೆ ಬಟ್ಟೆ ಹೊದಿಸಿದ್ದೀರಿ. ಉಪಕಾರವೂ ನಿಜವಿರಬಹುದು, ಆದರೆ ಕೈಬಿಟ್ಟು ಹೋದರೆಂಬ ನೋವನ್ನು ಪೂರ್ತಿ ಹೇಳಿದ ಮೇಲಷ್ಟೇ ಆ ಕೃತಜ್ಞತೆಯನ್ನು ನಾನು ನಂಬಬಲ್ಲೆ.

ಇದಕ್ಕಾಗಿ ಯಾರಿಗೂ ತೋರಿಸದ ಒಂದು ಕರಡನ್ನು ಮೊದಲು ಬರೆದುಕೊಳ್ಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ತಮ್ಮ ಆಘಾತಗಳ ಬಗ್ಗೆ ಬರೆದಿದ್ದರು. ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರ ಮನಸ್ಸು ಆ ಕ್ಷಣಕ್ಕೆ ಇನ್ನಷ್ಟು ಕುಗ್ಗಿದರೂ, ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಕಡಿಮೆ. ಆದ್ದರಿಂದ ಬರೆದ ದಿನವೇ ಹಗುರಾಗಲಿಲ್ಲವೆಂದು ನಿಲ್ಲಿಸಬೇಡಿ. ಸಂಕಟ ತೀರಾ ಹೆಚ್ಚಿದರೆ ಮಾತ್ರ ಬರಹವನ್ನು ಬದಿಗಿಟ್ಟು, ಈಗ ನಿಮ್ಮನ್ನು ನೋಡುತ್ತಿರುವವರೊಡನೆ ಮಾತನಾಡಿ.

ಇನ್ನೊಂದು ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಚಿಕಿತ್ಸೆ ಕೊಟ್ಟವರಿಗೆ ಗೋಪ್ಯತೆಯ ಕಟ್ಟುಪಾಡು ಹಾಕಿದೆ. ನೀವು ಅಚ್ಚಿನಲ್ಲಿ ಆಡಿದ ಮಾತಿಗೆ ಅವರು ಅಚ್ಚಿನಲ್ಲಿ ಉತ್ತರಿಸುವಂತಿಲ್ಲವಾದ್ದರಿಂದ, ಅವರ ಊರು, ಕ್ಲಿನಿಕ್ಕಿನ ಬೀದಿ, ಮಾತಿನ ಧಾಟಿ ಇವನ್ನೆಲ್ಲ ತೆಗೆಯಲೇಬೇಕು. ಅವರಿಗೇ ಕಳಿಸುವ ಪ್ರತಿಯಲ್ಲಿ ಬೇಕಾದರೆ ಇರಲಿ.

ಮೂರು ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಅವಸರವೇನೂ ಇಲ್ಲ.

ಇಂತಿ,
ಸಂಪಾದಕ