ಸಿ.ಬಿ. ರೇಡಿಯೋದಲ್ಲಿ ಕರೆದರೂ ಯಾರೂ ಓಗೊಡುತ್ತಿಲ್ಲ, ಏಕೆ?

ಪ್ರಶ್ನೆ: ಟೆಕ್ಸಾಸ್‌ನ ಹಳ್ಳಿಯೊಂದರಲ್ಲಿದ್ದೇವೆ. ಬಿರುಗಾಳಿ ಎದ್ದರೆ ಮೊಬೈಲ್ ಸಿಗ್ನಲ್ ಹೋಗುತ್ತದೆಂದು ಪಿಕಪ್‌ಗೆ ಸಿ.ಬಿ. ರೇಡಿಯೋ (ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯರು ಪರಸ್ಪರ ಮಾತಾಡಲು ಬಳಸುವ ರೇಡಿಯೋ) ಹಾಕಿಸಿದೆ. 9ನೇ ಚಾನೆಲ್‌ನಲ್ಲಿ ಕರೆದರೆ ಉತ್ತರವೇ ಬರುವುದಿಲ್ಲ. ತೀರ್ಥಹಳ್ಳಿಯ ಅಪ್ಪ–ಅಮ್ಮನಿಗೂ ಒಂದು ತಂದುಕೊಡಬಹುದೇ?

ಉತ್ತರ: 9ನೇ ಚಾನೆಲ್ ತುರ್ತಿಗೆಂದೇ ಮೀಸಲು, ಅಲ್ಲಿ ಪರೀಕ್ಷೆಗೆಂದು ಕರೆಯಬೇಡಿ. ಹಿಂದಿನಷ್ಟು ಜನ ಈಗ ಅದನ್ನು ಕೇಳುತ್ತಾ ಕೂರುವುದೂ ಇಲ್ಲ. ಆಪತ್ತಿನಲ್ಲಿ 9ರಲ್ಲಿ ಎರಡು ಮೂರು ಸಲ ಕರೆದು, ಉತ್ತರ ಬರದಿದ್ದರೆ ತಡಮಾಡದೆ 19ಕ್ಕೆ ಹೋಗಿ. ಹೆದ್ದಾರಿಯ ಟ್ರಕ್ ಚಾಲಕರು ಇರುವುದು ಅಲ್ಲೇ. ಪ್ರಾಣಾಪಾಯವಿದ್ದಾಗ ಯಾವ ಚಾನೆಲ್‌ನಲ್ಲಾದರೂ ಕರೆಯಬಹುದು.

ಆದರೆ ನನ್ನ ಅನುಮಾನವೆಲ್ಲ ಆಂಟೆನಾ ಮೇಲೆ. ಕಾನೂನು ಬಿಡುವುದು ಎ.ಎಂ. ಎಂಬ ಸಾಮಾನ್ಯ ಪ್ರಸಾರ ವಿಧಾನದಲ್ಲಿ 4 ವ್ಯಾಟ್ ಮಾತ್ರ, ಅದರಲ್ಲಿ ಒಂದಿಷ್ಟೂ ಪೋಲಾಗಬಾರದು. ರೇಡಿಯೋ ಮತ್ತು ಆಂಟೆನಾ ಕೇಬಲ್ ನಡುವೆ ಎಸ್.ಡಬ್ಲ್ಯು.ಆರ್. ಮೀಟರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸಾಗುತ್ತಿದೆ ಎಂದು ತೋರಿಸುವ ಸಾಧನ) ಹಾಕಿ, ಬಯಲಲ್ಲಿ ಗಾಡಿ ನಿಲ್ಲಿಸಿ, ಬಾಗಿಲು ಮುಚ್ಚಿ, 1 ಮತ್ತು 40ನೇ ಚಾನೆಲ್‌ಗಳಲ್ಲಿ ಅಳೆಯಿರಿ. 40ರಲ್ಲಿ ಹೆಚ್ಚು ತೋರಿಸಿದರೆ ಆಂಟೆನಾ ಉದ್ದವಾಗಿದೆ, ತುಸು ಗಿಡ್ಡ ಮಾಡಿ. 1ರಲ್ಲಿ ಹೆಚ್ಚಿದ್ದರೆ ಉದ್ದ ಸಾಲದು. 1.5ರ ಆಸುಪಾಸು ಬಂದರೆ ಸಾಕು. ಎರಡರಲ್ಲೂ 3 ದಾಟಿದರೆ ಮೈಕ್ ಒತ್ತಲೇಬೇಡಿ, ಸೆಟ್ ಸುಟ್ಟೀತು. ಆಗ ತಪ್ಪಿರುವುದು ಸಾಮಾನ್ಯವಾಗಿ ಅರ್ತಿಂಗ್‌ನಲ್ಲಿ: ಬ್ರಾಕೆಟ್ ಕೆಳಗಿನ ಬಣ್ಣ ಕೆರೆದು, ಬರಿ ಲೋಹಕ್ಕೆ ತಾಗಿಸಿ ಬಿಗಿ ಮಾಡಿ. ಕನೆಕ್ಟರ್ ಒಳಗೆ ಕೇಬಲ್ ಶಾರ್ಟ್ ಆಗಿದೆಯೇ ಎಂದೂ ನೋಡಿ.

ಹಿನ್ನೆಲೆ ಸದ್ದು ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಪೂರ್ತಿ ಇಳಿಸಿಡಿ. ಕರಕರ ಸದ್ದು ಬಂದರೂ ಸರಿ. ಅದನ್ನು ಬಿಗಿ ಮಾಡಿದ್ದರೆ ದೂರದಿಂದ ಬಂದ ಸಣ್ಣ ಉತ್ತರ ನಿಮಗೆ ಕೇಳುವುದೇ ಇಲ್ಲ.

ಮೈಕ್ ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ, ಇಲ್ಲದಿದ್ದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಮೊದಲು ಜಾಗ ಹೇಳಿ: ಹೆದ್ದಾರಿ ಸಂಖ್ಯೆ, ಮೈಲಿಗಲ್ಲು, ಯಾವ ದಿಕ್ಕಿನ ರಸ್ತೆ. ಆಮೇಲೆ ಎಷ್ಟು ಜನ, ಏನು ಪೆಟ್ಟು. ಬಳಿಕ ಒಂದು ನಿಮಿಷ ಸುಮ್ಮನೆ ಕೇಳಿ. ಗಾಡಿಯಿಂದ ಗಾಡಿಗೆ ಕೆಲವೇ ಮೈಲಿ ತಲುಪುತ್ತದೆ; ದಿಣ್ಣೆ ಹತ್ತಿದರೆ ಹೆಚ್ಚು. ಸಿಡಿಲಿರುವಾಗ ಮಾತ್ರ ದಿಣ್ಣೆಯೂ ಬೇಡ, ಮನೆ ಮಾಡಿನ ಆಂಟೆನಾ ಕೇಬಲ್ ಮುಟ್ಟುವುದೂ ಬೇಡ.

ತೀರ್ಥಹಳ್ಳಿಗೆ ಇದನ್ನು ಒಯ್ಯಬೇಡಿ. ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಸಿ.ಬಿ. ಪಟ್ಟಿ 26.957ರಿಂದ 27.283 ಮೆಗಾಹರ್ಟ್ಸ್, ಅದೂ 5 ವ್ಯಾಟ್ ಒಳಗೆ, ಸೆಟ್‌ನಲ್ಲೇ ಇರುವ ಆಂಟೆನಾದೊಂದಿಗೆ. ಅಮೆರಿಕದ ಸೆಟ್‌ನ 28ನೇ ಚಾನೆಲ್ಲೇ 27.285, ಅಲ್ಲಿಂದ ಮೇಲಿನದೆಲ್ಲ ಮಿತಿಯಾಚೆ. ಆ ಘಟ್ಟದ ಮಡಿಲಲ್ಲಿ ಕುಳ್ಳ ಆಂಟೆನಾದ ದನಿ ಒಂದು ಗುಡ್ಡ ದಾಟುವುದೂ ಕಷ್ಟ. ಮನೆಯಲ್ಲಿ ಯಾರಾದರೂ ಪರೀಕ್ಷೆ ಬರೆದು ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಪಡೆಯಲಿ, 12 ವರ್ಷ ತುಂಬಿದ್ದರೆ ಸಾಕು.